ನೆವಿಲ್ ಕಾರ್ಡಸ್ ಹೋಗಿ ಐವತ್ತು ವರ್ಷ ದಾಟಿತು: ನಮ್ಮ ತಾಲ್ಲೂಕು ಪಂದ್ಯಗಳ ವರದಿಗೆ ಅವರಿಂದ ಏನು ಕಲಿಯಬಹುದು?

ಹೊಯ್ಸಳ_ಸ್ಕೋರರ್ (ಹಾಸನ)

ಸರ್ ನೆವಿಲ್ ಕಾರ್ಡಸ್ ತೀರಿಕೊಂಡದ್ದು 1975ರ ಫೆಬ್ರುವರಿ 28ರಂದು, ಲಂಡನ್ನಿನಲ್ಲಿ. ಕ್ರಿಕೆಟ್ ವರದಿಯನ್ನು ಸಾಹಿತ್ಯದ ಪಕ್ಕದಲ್ಲಿ ಕೂರಿಸಿದವರು ಅವರು. ಹುಟ್ಟಿದ್ದು 1888ರಲ್ಲಿ, ಮ್ಯಾಂಚೆಸ್ಟರ್‌ನ ರಷೋಮ್‌ನಲ್ಲಿ. ಬೆಳೆದದ್ದು ಅಜ್ಜ ಅಜ್ಜಿಯ ಮನೆಯಲ್ಲಿ. ಶಾಲೆಯನ್ನು ಚಿಕ್ಕ ವಯಸ್ಸಿನಲ್ಲೇ ಬಿಟ್ಟು, ಊರಿನ ಗ್ರಂಥಾಲಯಗಳಲ್ಲಿ ಕೂತು ತಮ್ಮಷ್ಟಕ್ಕೆ ತಾವೇ ಓದಿಕೊಂಡರು. 1912ರಿಂದ ಶ್ರೂಸ್‌ಬರಿ ಶಾಲೆಯಲ್ಲಿ ಸಹಾಯಕ ಕ್ರಿಕೆಟ್ ಕೋಚ್ ಆಗಿದ್ದರು. 1917ರಲ್ಲಿ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆ ಸೇರಿದರು. 1919ರಲ್ಲಿ ಕಾಯಿಲೆಯಿಂದ ಎದ್ದವರನ್ನು, ಬಿಸಿಲಿನಲ್ಲಿ ಕೂತು ಸುಧಾರಿಸಿಕೊಳ್ಳಲಿ ಎಂದು ಪತ್ರಿಕೆಯವರು ಓಲ್ಡ್ ಟ್ರಾಫರ್ಡ್ ಕ್ರಿಕೆಟ್ ಮೈದಾನಕ್ಕೆ ಕಳಿಸಿದರು. 'ಕ್ರಿಕೆಟರ್' ಎಂಬ ಹೆಸರಿನಲ್ಲಿ ಬಂದ ವರದಿಗಳು ಶುರುವಾದದ್ದು ಹಾಗೆ. 1927ರಿಂದ ಅದೇ ಪತ್ರಿಕೆಗೆ ಸಂಗೀತ ವಿಮರ್ಶೆಯನ್ನೂ ಬರೆದರು. 1967ರಲ್ಲಿ ಸರ್ ಪದವಿ ಬಂತು.

ಹಾಸನ, ಅರಸೀಕೆರೆ, ಕಡೂರು, ಚಿಕ್ಕಮಗಳೂರು ಎಲ್ಲ ಕಡೆ ಮಳೆಗಾಲ ಮುಗಿದ ಕೂಡಲೇ ಟೂರ್ನಿಗಳು ಶುರುವಾಗುತ್ತವೆ. ಮೊಬೈಲ್‌ನಲ್ಲೇ ವರದಿ ಟೈಪ್ ಮಾಡಿ ಸ್ಥಳೀಯ ಪತ್ರಿಕೆಗೂ ಕ್ಲಬ್ಬಿನ ಗುಂಪಿಗೂ ಕಳಿಸುವ ಹುಡುಗ ಹುಡುಗಿಯರು ಈಗ ಬಹಳ ಮಂದಿ ಇದ್ದಾರೆ. ಅವರಿಗೆ ಕಾರ್ಡಸ್ ಬಗ್ಗೆ ಹೇಳುವುದಾದರೆ ಏನು ಹೇಳಬೇಕು? ನನ್ನ ಲೆಕ್ಕದಲ್ಲಿ ಅವರ ಉಪಮೆಗಳನ್ನು ಯಾರೂ ನಕಲು ಮಾಡುವುದು ಬೇಡ. ಅವರು ಆಟಗಾರನನ್ನು ನೋಡುತ್ತಿದ್ದ ಕ್ರಮ ಇದೆಯಲ್ಲ, ಅದು ಕಲಿಯಬಹುದಾದದ್ದು. ತಿಳಿದವರು ವಿವರವಾಗಿ ಬರೆಯಿರಿ.

ಕಾಫಿನಾಡು_ಲೆಗ್‌ಸ್ಪಿನ್ (ಚಿಕ್ಕಮಗಳೂರು)

ಒಳ್ಳೆ ವಿಷಯ ಎತ್ತಿದಿರಿ ಸರ್. ಆದರೆ ಹೊಸಬರ ಕೈಗೆ ಕಾರ್ಡಸ್ ಕೊಡುವ ಮುಂಚೆ ಒಂದು ಮಾತು ಹೇಳಿಬಿಡಬೇಕು. ಆಟಗಾರರ ಬಾಯಲ್ಲಿ ಅವರು ಹಾಕಿದ ಮಾತುಗಳಲ್ಲಿ ಎಷ್ಟೋ ಅವರೇ ಕಟ್ಟಿದ್ದು. ಯಾರ್ಕ್‌ಷೈರ್‌ನ ಬೌಲರ್ ಎಮಟ್ ರಾಬಿನ್‌ಸನ್ ಅವರ ಬರಹದಲ್ಲಿ ಒಂದು ದೊಡ್ಡ ಪಾತ್ರವೇ ಆಗಿಬಿಟ್ಟಿದ್ದರು. ಕೊನೆಗೆ ಆ ಮನುಷ್ಯನೇ ಕಾರ್ಡಸ್ ಎದುರು ನಿಂತು, ನನ್ನನ್ನು ಹುಟ್ಟಿಸಿದವರೇ ನೀವು ಅನ್ನಿಸುತ್ತದೆ ಎಂಬರ್ಥದ ಮಾತು ಆಡಿದರಂತೆ. ಕಾರ್ಡಸ್ ಇದನ್ನು ಮುಚ್ಚಿಡಲಿಲ್ಲ. ಆಟಗಾರನ ಸ್ವಭಾವಕ್ಕೆ ಹೊಂದುವ ಮಾತು ವರದಿಗಿಂತ ದೊಡ್ಡ ಸತ್ಯ ಹೇಳುತ್ತದೆ ಎನ್ನುವುದು ಅವರ ಸಮರ್ಥನೆ.

ಅವರ ಮೇಲೆ ಎಷ್ಟೇ ಪ್ರೀತಿ ಇದ್ದರೂ ಈ ಸಮರ್ಥನೆಯನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ಇದರ ಇನ್ನೊಂದು ರೂಪ ದಿನಾ ನಡೆಯುತ್ತಿದೆ. ಗೆದ್ದ ನಾಯಕ ಯಾರೇ ಆಗಿರಲಿ, "ತಂಡದ ಸಂಘಟಿತ ಹೋರಾಟದಿಂದ ಜಯ ಸಾಧ್ಯವಾಯಿತು" ಎಂದೇ ಅಚ್ಚಾಗುತ್ತದೆ. ಆ ಹುಡುಗ ಅಂದದ್ದು, "ಕೊನೇ ಎರಡು ಓವರ್ ಅವನು ಯಾರ್ಕರ್ ಹಾಕಿದ್ದಕ್ಕೆ ಉಳ್ಕೊಂಡ್ವಿ" ಅಂತ ಇರುತ್ತದೆ. ಪಂದ್ಯದ ಗುಟ್ಟು ಇರುವುದು ಆ ಎರಡನೇ ವಾಕ್ಯದಲ್ಲಿ, ಅದನ್ನೇ ಕಿತ್ತುಹಾಕಿರುತ್ತಾರೆ.

ಹಾಗಾಗಿ ನಿಯಮ ಸರಳ ಇರಲಿ. ಕಿವಿಯಾರೆ ಕೇಳಿ, ಆಗಲೇ ಗೀಚಿಕೊಂಡ ಮಾತಿಗೆ ಮಾತ್ರ ಉದ್ಧರಣ ಚಿಹ್ನೆ. ಯಾರು, ಯಾವಾಗ ಹೇಳಿದ್ದು ಎಂದು ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ. ಬಹುಮಾನ ವಿತರಣೆಯ ಮೈಕ್ ಗಲಾಟೆಯಲ್ಲಿ ಸರಿಯಾಗಿ ಕೇಳದಿದ್ದರೆ ಇನ್ನೊಂದು ಸಲ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪದ ನೆನಪಿಲ್ಲ, ಅರ್ಥ ಮಾತ್ರ ನೆನಪಿದೆ ಅಂದಾಗ ಚಿಹ್ನೆ ತೆಗೆದು "ಎಂದರು" ಬದಲು "ಎಂಬುದು ನಾಯಕನ ಅಭಿಪ್ರಾಯ" ಎಂದು ಬರೆಯಿರಿ.

ಅರಸೀಕೆರೆ_ಎಂಡ್

ಸ್ಕೋರ್‌ಬೋರ್ಡನ್ನು ಕತ್ತೆ ಎಂದು ಕರೆದವರು ಕಾರ್ಡಸ್. ಆ ಮಾತನ್ನು ಹಿಡಿದುಕೊಂಡು ಸ್ಕೋರ್ ಬರೆಯುವುದನ್ನೇ ಕಡೆಗಣಿಸುವವರಿದ್ದಾರೆ, ಅದು ಪೂರಾ ತಪ್ಪು ತಿಳಿವಳಿಕೆ. ಅವರ ಪತ್ರಿಕೆಯಲ್ಲಿ ವರದಿಯ ಪಕ್ಕದಲ್ಲೇ ಪೂರ್ತಿ ಸ್ಕೋರ್‌ಕಾರ್ಡ್ ಬರುತ್ತಿತ್ತು, ಅಂಕಿಗಳ ಹೊರೆ ಅವರ ವಾಕ್ಯಗಳ ಮೇಲೆ ಬೀಳುತ್ತಿರಲಿಲ್ಲ. ನಮ್ಮ ತಾಲ್ಲೂಕು ಪಂದ್ಯಕ್ಕೆ ಅಂಥ ಸ್ಕೋರ್‌ಕಾರ್ಡ್ ಎಲ್ಲಿದೆ? ವರದಿಗಾರ ಬರೆದುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಂಗಡಿಯಲ್ಲಿ ಸಿಗುವ ಚೌಕದ ಸ್ಕೋರ್‌ಬುಕ್‌ನಲ್ಲಿ ಬ್ಯಾಟರ್ ಸಾಲು ಮೇಲೆ, ಬೌಲರ್ ಸಾಲು ಕೆಳಗೆ ಇರುತ್ತದೆ. ಮೊತ್ತ ತಿಳಿಯಲು ಅದು ಸಾಕು. ಆದರೆ ಪಂದ್ಯ ಯಾವ ಓವರಿನಲ್ಲಿ ತಿರುಗಿತು ಎಂದು ಅದರಲ್ಲಿ ಹುಡುಕಲು ಹೋದರೆ ತಲೆ ಕೆಡುತ್ತದೆ. ವರದಿ ಬರೆಯುವವನಿಗೆ ಸಾಲಿನ ಪದ್ಧತಿ ಒಳ್ಳೆಯದು, ಅಂದರೆ ಒಂದು ಓವರಿಗೆ ಒಂದು ಸಾಲು. ಇನ್ನೂರು ಪುಟದ ಉದ್ದ ನೋಟ್‌ಬುಕ್ಕನ್ನು ಅಡ್ಡ ಹಿಡಿದು ಎಡದಿಂದ ಹೀಗೆ ಗೆರೆ ಎಳೆಯಿರಿ: ಗಂಟೆ, ಒಂದು ತುದಿಯ ಬೌಲರ್, ಇನ್ನೊಂದು ತುದಿಯ ಬೌಲರ್, ಮೊದಲ ಬ್ಯಾಟರ್ ಎದುರಿಸಿದ ಎಸೆತಗಳು, ಎರಡನೇ ಬ್ಯಾಟರ್ ಎದುರಿಸಿದ ಎಸೆತಗಳು, ಇತರೆ ರನ್, ಓವರ್ ಮುಗಿದಾಗ ಮೊತ್ತ, ಕೊನೆಗೆ ಅಗಲವಾದ ಟಿಪ್ಪಣಿ ಜಾಗ. ರನ್ ಇಲ್ಲದ ಎಸೆತಕ್ಕೆ ಚುಕ್ಕಿ. 20 ಓವರಿನ ಇನಿಂಗ್ಸ್ ಒಂದು ಪುಟದಲ್ಲಿ ಮುಗಿಯುತ್ತದೆ.

ಲೆಕ್ಕ ತಾಳೆ ನೋಡುವುದು ಹೀಗೆ. ಬ್ಯಾಟರ್‌ಗಳ ರನ್‌ಗೆ ಎಲ್ಲ ಇತರೆ ರನ್ ಕೂಡಿಸಿದರೆ ತಂಡದ ಮೊತ್ತ ಬರಬೇಕು. ಬೌಲರ್‌ಗಳು ಕೊಟ್ಟ ರನ್‌ಗೆ ಬೈ, ಲೆಗ್‌ಬೈ ಮಾತ್ರ ಕೂಡಿಸಿದರೂ ಅದೇ ಮೊತ್ತ ಬರಬೇಕು, ಯಾಕೆಂದರೆ ವೈಡ್ ಮತ್ತು ನೋಬಾಲ್ ಆಗಲೇ ಬೌಲರ್ ಲೆಕ್ಕದಲ್ಲಿ ಸೇರಿರುತ್ತವೆ. ವ್ಯತ್ಯಾಸ ಬಂದರೆ ಹತ್ತರಲ್ಲಿ ಎಂಟು ಸಲ ಕಾರಣ ಎರಡೇ: ಲೆಗ್‌ಬೈಯನ್ನು ಬ್ಯಾಟರ್ ಖಾತೆಗೆ ಹಾಕಿರುತ್ತಾರೆ, ಇಲ್ಲವೇ ನೋಬಾಲ್‌ಗೆ ಹೊಡೆದ ಬೌಂಡರಿಯನ್ನು ಬೌಲರ್ ಖಾತೆಯಲ್ಲಿ 5 ಎಂದು ಬರೆಯುವ ಬದಲು 4 ಎಂದು ಬರೆದಿರುತ್ತಾರೆ.

ರನ್‌ರೇಟ್‌ನಲ್ಲಿ ಇನ್ನೊಂದು ಗುಂಡಿ ಇದೆ. 15.4 ಓವರ್ ಅಂದರೆ 94 ಎಸೆತ. 118 ರನ್ನನ್ನು ಕ್ಯಾಲ್ಕುಲೇಟರ್‌ನಲ್ಲಿ 15.4ರಿಂದ ಭಾಗಿಸಿದರೆ 7.66 ಬರುತ್ತದೆ. ಸರಿಯಾದ್ದು 118ನ್ನು 94ರಿಂದ ಭಾಗಿಸಿ 6ರಿಂದ ಗುಣಿಸಿದ್ದು, 7.53. ಲೀಗ್‌ನಲ್ಲಿ ಇಷ್ಟು ವ್ಯತ್ಯಾಸಕ್ಕೆ ಒಂದು ತಂಡ ಸೆಮಿಫೈನಲ್ ತಪ್ಪಿಸಿಕೊಳ್ಳಬಹುದು.

ಬೇಲೂರು_ಹೊಸ_ಕಲಂ

ಒಂದು ಅನುಮಾನ ಅಣ್ಣ. ಪ್ರತಿ ಎಸೆತ ಬರೆದುಕೊಳ್ಳುತ್ತಾ ಕೂತರೆ ಕಣ್ಣು ಪುಸ್ತಕದ ಮೇಲೇ ಇರುತ್ತದೆ. ಆಟ ನೋಡುವುದು ಯಾವಾಗ?

ಅರಸೀಕೆರೆ_ಎಂಡ್

ಕೇಳಬೇಕಾದ ಪ್ರಶ್ನೆಯೇ. ಎಸೆತ ಸತ್ತ ಮೇಲೆ ಬರೆಯಬೇಕು, ಬೌಲರ್ ಓಟ ಶುರು ಮಾಡುವ ಹೊತ್ತಿಗೆ ಪೆನ್ ಕೆಳಗಿರಬೇಕು. ಮಧ್ಯಮ ವೇಗಿಯ ಎರಡು ಎಸೆತಗಳ ನಡುವೆ ಅರ್ಧ ನಿಮಿಷದಷ್ಟು ಸಮಯ ಇರುತ್ತದೆ, ಒಂದು ಚುಕ್ಕಿ ಇಡಲು ಒಂದು ಸೆಕೆಂಡ್ ಸಾಕು. ಸ್ಪಿನ್ನರ್ ಬಂದಾಗ ಸ್ವಲ್ಪ ಒತ್ತಡ ಆಗುತ್ತದೆ, ಆಗ ಟಿಪ್ಪಣಿಯನ್ನು ಓವರ್ ಮುಗಿದ ಮೇಲೆ ಬರೆದರಾಯಿತು. ಅಧಿಕೃತ ಸ್ಕೋರರ್ ಚೆನ್ನಾಗಿ ಬರೆಯುವವರಾದರೆ ನೀವು ಎಸೆತ ಬರೆಯಲೇಬೇಡಿ. ಓವರ್ ಮೊತ್ತ ಮತ್ತು ವಿಕೆಟ್ ಬಿದ್ದ ಗಂಟೆ ಮಾತ್ರ ಬರೆದುಕೊಂಡು, ಇನಿಂಗ್ಸ್ ಮುಗಿದ ತಕ್ಷಣ ಅವರ ಪುಸ್ತಕದ ಫೋಟೊ ತೆಗೆದುಕೊಳ್ಳಿ. "ಆಮೇಲೆ ಕೊಡ್ತೀನಿ" ಅಂದ ಪುಸ್ತಕ ಟೂರ್ನಿ ಮುಗಿದ ಮೇಲೆ ಕೈಗೆ ಸಿಗುವುದಿಲ್ಲ.

ಕೂರುವ ಜಾಗವೂ ಮುಖ್ಯ. ಸ್ಕ್ವೇರ್ ಲೆಗ್ ಕಡೆ ಶಾಮಿಯಾನದಲ್ಲಿ ಕೂತರೆ ಚೆಂಡು ಎಲ್ಲಿ ಪುಟಿಯಿತು ಎಂದು ಗೊತ್ತಾಗುತ್ತದೆ, ಎತ್ತ ತಿರುಗಿತು ಎಂದು ಗೊತ್ತಾಗುವುದಿಲ್ಲ. ಬೌಲರ್ ಬೆನ್ನ ಹಿಂದೆ ಕೂತರೆ ತಿರುವು ಕಾಣುತ್ತದೆ, ಪುಟಿದ ಜಾಗದ ಅಂದಾಜು ತಪ್ಪುತ್ತದೆ. ಅದಕ್ಕೇ ಶಾಮಿಯಾನದಿಂದ ನೋಡಿದ ಎಲ್‌ಬಿಡಬ್ಲ್ಯು ಬಗ್ಗೆ "ಅಂಪೈರ್ ತಪ್ಪು ತೀರ್ಪು" ಎಂದು ಬರೆಯಲೇಬಾರದು. ಮೊದಲ ಹತ್ತು ಓವರ್ ಬೌಲರ್ ಹಿಂದೆ, ಆಮೇಲೆ ಪಕ್ಕಕ್ಕೆ ಹೋದರೆ ಎರಡೂ ಸಿಗುತ್ತವೆ. ಸೈಟ್‌ಸ್ಕ್ರೀನ್ ಇಲ್ಲದ ಮೈದಾನದಲ್ಲಿ ಬೌಲರ್ ಹಿಂದೆ ಕೂತಾಗ ಅಲುಗಾಡಬೇಡಿ, ಬಿಳಿ ಅಂಗಿ ಹಾಕಬೇಡಿ.

ಮಲೆನಾಡು_ಪೆವಿಲಿಯನ್ (ಮೂಡಿಗೆರೆ)

ಕಾರ್ಡಸ್ ಬದುಕಿನಿಂದ ವರದಿಗಾರ ತಿಳಿದಿರಲೇಬೇಕಾದ ಪಂದ್ಯ ಒಂದಿದೆ. 1921ರ ಆಗಸ್ಟ್ ಕೊನೆ, ಈಸ್ಟ್‌ಬೋರ್ನ್. ವಾರ್ವಿಕ್ ಆರ್ಮ್‌ಸ್ಟ್ರಾಂಗ್ ಅವರ ಆಸ್ಟ್ರೇಲಿಯಾ ಆ ಪ್ರವಾಸದಲ್ಲಿ ಅದುವರೆಗೆ ಸೋತೇ ಇರಲಿಲ್ಲ. ಅವರನ್ನು ಸೋಲಿಸುವ ತಂಡ ಕಟ್ಟಿ ತೋರಿಸುತ್ತೇನೆ ಎಂದು ಹೇಳಿಕೊಂಡು ಬಂದಿದ್ದ ಹಳೆಯ ನಾಯಕ ಆರ್ಚಿ ಮೆಕ್ಲಾರೆನ್‌ಗೆ ಆಗ 49 ವರ್ಷ. ತಂಡದಲ್ಲಿದ್ದವರೆಲ್ಲ ಹವ್ಯಾಸಿಗಳು. ಮೊದಲ ಇನಿಂಗ್ಸ್‌ನಲ್ಲಿ ಅವರ ತಂಡ 43ಕ್ಕೆ ಮುಗಿಯಿತು. ಆಸ್ಟ್ರೇಲಿಯಾ 174.

ಇನ್ನೇನು ಉಳಿದಿದೆ ಎಂದುಕೊಂಡು ದೊಡ್ಡ ಪತ್ರಿಕೆಗಳವರು ಆ ಕಡೆ ತಲೆಯನ್ನೇ ಹಾಕಲಿಲ್ಲ. ಕಾರ್ಡಸ್ ಕೂಡ ಹೊರಡುವ ಯೋಚನೆಯಲ್ಲಿದ್ದರು, ಆದರೂ ಉಳಿದರು. ಎರಡನೇ ಇನಿಂಗ್ಸ್‌ನಲ್ಲಿ ದಕ್ಷಿಣ ಆಫ್ರಿಕಾದ ಆಬ್ರಿ ಫಾಕ್ನರ್ 153 ಹೊಡೆದರು, ಮೊತ್ತ 326ಕ್ಕೆ ಹೋಯಿತು. 196 ಬೇಕಿದ್ದ ಆಸ್ಟ್ರೇಲಿಯಾ 167ಕ್ಕೆ ಆಲೌಟ್. ಮೆಕ್ಲಾರೆನ್ ತಂಡಕ್ಕೆ 28 ರನ್ ಜಯ. ಆ ಸುದ್ದಿ ಮೈದಾನದಿಂದ ಕಣ್ಣಾರೆ ಕಂಡು ಬರೆದವರಲ್ಲಿ ಹೆಸರು ಉಳಿದದ್ದು ಕಾರ್ಡಸ್ ಅವರದು.

ನಮ್ಮಲ್ಲಿ ನಡೆಯುವುದು ಇದರ ತದ್ವಿರುದ್ಧ. ಮೂಡಿಗೆರೆ, ಸಕಲೇಶಪುರದಿಂದ ಕೊನೇ ಬಸ್ಸು ಹಿಡಿಯಬೇಕು, ಡೆಸ್ಕ್‌ಗೆ ಎಂಟು ಗಂಟೆಯೊಳಗೆ ಕಾಪಿ ಹೋಗಬೇಕು. ಹಾಗಾಗಿ 15ನೇ ಓವರಿಗೇ "ಸುಲಭ ಜಯ" ಎಂದು ಟೈಪ್ ಮಾಡಿಟ್ಟುಕೊಳ್ಳುತ್ತಾರೆ. ಇದಕ್ಕೆ ಕೆಲಸದ ಉಪಾಯ ಹೇಳುತ್ತೇನೆ. ಮೊದಲ ಇನಿಂಗ್ಸ್ ಮುಗಿದ ವಿರಾಮದಲ್ಲಿ ಅದರ ಪ್ಯಾರಾಗಳನ್ನು ಮಾತ್ರ ಪೂರ್ತಿ ಬರೆದು ಮುಗಿಸಿ. ಅದು ನಡೆದುಹೋದದ್ದು, ಬದಲಾಗುವುದಿಲ್ಲ. ಮೊದಲ ವಾಕ್ಯದ ಜಾಗ ಖಾಲಿ ಬಿಡಿ. ಎರಡನೇ ಇನಿಂಗ್ಸ್‌ಗೆ ಐದೈದು ಓವರಿಗೆ ಒಂದು ವಾಕ್ಯದಂತೆ ಸೇರಿಸುತ್ತಾ ಹೋಗಿ. ಕೊನೆಯ ಎಸೆತ ಬಿದ್ದ ಮೇಲೆ ಬರೆಯಬೇಕಾದ್ದು ಫಲಿತಾಂಶದ ಒಂದೇ ವಾಕ್ಯ. ಹತ್ತು ನಿಮಿಷದಲ್ಲಿ ಕಾಪಿ ಹೋಗುತ್ತದೆ, ಊಹೆಯ ಮಾತು ಒಳಗೆ ಸೇರುವುದಿಲ್ಲ.

ಹೊಯ್ಸಳ_ಸ್ಕೋರರ್ (ಹಾಸನ)

ಸ್ಕೋರ್‌ಕಾರ್ಡ್ ಏನನ್ನು ಮುಚ್ಚಿಡುತ್ತದೆ ಎನ್ನುವುದಕ್ಕೆ ನಮ್ಮವರದೇ ಉದಾಹರಣೆ ಇದೆ. 1999ರ ಫೆಬ್ರುವರಿ 7, ದೆಹಲಿಯ ಕೋಟ್ಲಾ ಮೈದಾನದಲ್ಲಿ ಭಾರತ-ಪಾಕಿಸ್ತಾನ ಟೆಸ್ಟ್. ಪಾಕಿಸ್ತಾನಕ್ಕೆ 420 ಗುರಿ. ಕಾರ್ಡ್‌ನಲ್ಲಿ ಕುಂಬ್ಳೆ 26.3-9-74-10 (ಓವರ್, ಮೇಡನ್, ರನ್, ವಿಕೆಟ್). ಇಷ್ಟೇ ಓದಿದವರಿಗೆ ಬೆಳಗ್ಗೆಯಿಂದಲೇ ಎಲ್ಲರನ್ನೂ ಉರುಳಿಸಿದರು ಅನ್ನಿಸುತ್ತದೆ. ಆದದ್ದು ಬೇರೆ. ಊಟದ ವಿರಾಮಕ್ಕೆ ಪಾಕಿಸ್ತಾನ ವಿಕೆಟ್ ಇಲ್ಲದೆ 101. ಕುಂಬ್ಳೆ ಬೆಳಗ್ಗೆ ಒಂದು ತುದಿಯಿಂದ 6 ಓವರ್ ಹಾಕಿ 27 ರನ್ ಕೊಟ್ಟು ಖಾಲಿ ಕೈಯಲ್ಲಿದ್ದರು. ಊಟದ ನಂತರ ಪೆವಿಲಿಯನ್ ತುದಿಗೆ ಬದಲಾಯಿಸಿದರು. ಅಲ್ಲಿಂದ 20.3 ಓವರ್, 47 ರನ್, 10 ವಿಕೆಟ್. ಪಾಕಿಸ್ತಾನ 207ಕ್ಕೆ ಮುಗಿಯಿತು. ಯಾವ ತುದಿಯಿಂದ ಬೌಲಿಂಗ್ ಎನ್ನುವ ಕಾಲಂ ನೋಟ್‌ಬುಕ್‌ನಲ್ಲಿ ಇಲ್ಲದ ವರದಿಗಾರನಿಗೆ ಆ ಪಂದ್ಯದ ಅರ್ಧ ಕಥೆ ಸಿಗುವುದೇ ಇಲ್ಲ.

ಇನ್ನೊಂದು ಅದಕ್ಕಿಂತ ಸೂಕ್ಷ್ಮ. ಒಂಬತ್ತು ವಿಕೆಟ್ ಬಿದ್ದ ಮೇಲೆ ಎದುರು ತುದಿಯಿಂದ ಬಂದ ಶ್ರೀನಾಥ್ ಆಫ್ ಸ್ಟಂಪ್‌ನಿಂದ ಆಚೆ ಆಚೆಗೇ ಹಾಕಿದರು, ಹತ್ತನೆಯದು ಕುಂಬ್ಳೆಗೇ ಸಿಗಲಿ ಎಂದು. ಕಾರ್ಡ್‌ನಲ್ಲಿ ಶ್ರೀನಾಥ್ ಹೆಸರಿನ ಮುಂದೆ ವಿಕೆಟ್ ಸೊನ್ನೆ. ಅವರ ಹೆಸರಿನ ಜಾವಗಲ್ ನಮ್ಮ ಅರಸೀಕೆರೆ ತಾಲ್ಲೂಕಿನ ಊರು ಎಂಬ ಅಭಿಮಾನ ಪಕ್ಕಕ್ಕಿರಲಿ, ವೇಗದ ಬೌಲರ್ ಒಬ್ಬ ಬೇಕೆಂದೇ ವಿಕೆಟ್ ಬಿಟ್ಟುಕೊಟ್ಟ ಆ ಓವರ್ ಕಾರ್ಡಸ್ ಕೈಗೆ ಸಿಕ್ಕಿದ್ದರೆ ಪೂರ್ತಿ ಒಂದು ಪ್ಯಾರಾ ಆಗುತ್ತಿತ್ತು.

1973-74ರ ರಣಜಿ ಸೆಮಿಫೈನಲ್ ಕೂಡ ಹಾಗೇ. ಬೆಂಗಳೂರಿನಲ್ಲಿ ಬಾಂಬೆ ನಾಯಕ ವಾಡೇಕರ್ ಔಟಾದದ್ದು ಕಾಲು ಜಾರಿ. ಕಾರ್ಡ್‌ನಲ್ಲಿ ಇರುವುದು ಬರೀ ರನೌಟ್. ಕರ್ನಾಟಕ ಮೊದಲ ಸಲ ಟ್ರೋಫಿ ಎತ್ತಿದ ವರ್ಷ ಅದು.

ಕಡೂರು_ಕವರ್‌ಡ್ರೈವ್

ಸರ್, ಇದಕ್ಕೆ ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿಯನ್ನೂ ಸೇರಿಸಿ. 2017ರ ವಿಶ್ವಕಪ್, ಡರ್ಬಿಯಲ್ಲಿ ನ್ಯೂಜಿಲೆಂಡ್ ಎದುರು 45 ಎಸೆತಕ್ಕೆ 70. ಭಾರತ 265, ನ್ಯೂಜಿಲೆಂಡ್ 79. ಅದೇ ಪಂದ್ಯದಲ್ಲಿ ಮಿಥಾಲಿ ರಾಜ್ 109, ವಿಜಯಪುರದ ರಾಜೇಶ್ವರಿ ಗಾಯಕವಾಡ್ 15ಕ್ಕೆ 5. ಶತಕ ಒಂದು ಕಡೆ, ಐದು ವಿಕೆಟ್ ಒಂದು ಕಡೆ ಇರುವಾಗ ತಲೆಬರಹದಲ್ಲಿ 70ಕ್ಕೆ ಜಾಗ ಸಿಗುವುದು ಕಷ್ಟ. ಆದರೆ ಆ ಮೊತ್ತ 265ರವರೆಗೆ ಹೋದದ್ದು ವೇದಾಳ ವೇಗದಿಂದ.

ಎಂಟೇ ದಿನಕ್ಕೆ ಲಾರ್ಡ್ಸ್ ಫೈನಲ್. 229 ಬೇಕಿತ್ತು, ಮೂರು ವಿಕೆಟ್‌ಗೆ 191 ಇದ್ದದ್ದು 219ಕ್ಕೆ ಆಲೌಟ್, 9 ರನ್ ಸೋಲು. ಅನ್ಯಾ ಶ್ರಬ್‌ಸೋಲ್ 46ಕ್ಕೆ 6. ವೇದಾ 35. ಇಂಥ ಸೋಲಿನ ವರದಿಯಲ್ಲಿ ಒಬ್ಬರ ಒಂದು ಹೊಡೆತವನ್ನು ಹಿಡಿದು "ಪಂದ್ಯ ಕೈಬಿಟ್ಟರು" ಎಂದು ಬರೆಯುವುದು ಬಹಳ ಸುಲಭ. 28 ರನ್ ಅಂತರದಲ್ಲಿ ಏಳು ವಿಕೆಟ್ ಬಿದ್ದಿವೆ. ಏಳನ್ನೂ ಕ್ರಮವಾಗಿ ಬರೆದರೆ ಭಾರ ಯಾರ ಮೇಲೂ ಅನ್ಯಾಯವಾಗಿ ಬೀಳುವುದಿಲ್ಲ. ಶಾಲಾ ಹೆಣ್ಣುಮಕ್ಕಳ ಪಂದ್ಯಕ್ಕೂ ಇದೇ ಎಚ್ಚರಿಕೆ ಬೇಕು. ಪತ್ರಿಕೆಯ ತುಣುಕು ಮನೆಯ ಗೋಡೆ ಮೇಲೆ ವರ್ಷಗಟ್ಟಲೆ ಇರುತ್ತದೆ.

ಡೆಸ್ಕ್_ಕಡೆಯಿಂದ (ಹಾಸನ)

ಜಿಲ್ಲಾ ಪುಟದಲ್ಲಿ ಒಂದು ಪಂದ್ಯಕ್ಕೆ ಸಿಗುವುದು 200ರಿಂದ 250 ಪದ, ಜಾಹೀರಾತು ಬಂದರೆ 120. ಕಾರ್ಡಸ್‌ಗೆ ಸಿಗುತ್ತಿದ್ದ ಜಾಗ ನಮಗಿಲ್ಲ. ಹಾಗಾಗಿ ಕೆಳಗಿನಿಂದ ಕತ್ತರಿಸಿದರೂ ಅರ್ಥ ಕೆಡದಂತೆ ಬರೆಯಿರಿ. ಮೊದಲ ವಾಕ್ಯದಲ್ಲಿ ಯಾರು, ಯಾರ ಎದುರು, ಎಷ್ಟರಿಂದ ಗೆದ್ದರು. ಎರಡನೆಯದರಲ್ಲಿ ಗೆಲುವಿನ ಕಾರಣ. ಆಮೇಲೆ ಆಟ. ಕೊನೆಗೆ ಸಂಕ್ಷಿಪ್ತ ಸ್ಕೋರ್.

ಬರುವ ಕಾಪಿಗಳಲ್ಲಿ ನೋವು ಕೊಡುವ ವಿಷಯ ಹೇಳಲೇಬೇಕು. ಮೊದಲ ಎರಡು ಪ್ಯಾರಾ ಉದ್ಘಾಟನೆಗೆ ಹೋಗಿರುತ್ತದೆ, ಕ್ರೀಡೆಯಿಂದ ಆರೋಗ್ಯ ವೃದ್ಧಿ ಎಂಬ ಭಾಷಣ, ನಂತರ ಹದಿನಾಲ್ಕು ಮಂದಿ ಉಪಸ್ಥಿತರ ಹೆಸರು. ಫೈನಲ್‌ನಲ್ಲಿ 4 ವಿಕೆಟ್ ತೆಗೆದ ಹುಡುಗಿಯ ಹೆಸರೇ ಇರುವುದಿಲ್ಲ. ಸಮಾರಂಭದ ಸುದ್ದಿಯನ್ನು ಬೇರೆ ಕಾಪಿಯಾಗಿ ಕಳಿಸಿ, ಅದಕ್ಕೆ ಬೇರೆ ಜಾಗ ಇದೆ. ಆಡಿದವರ ಜಾಗವನ್ನು ಅದು ತಿನ್ನಬಾರದು.

ಇನ್ನು ವಿಶೇಷಣಗಳು. ಅಮೋಘ, ಭರ್ಜರಿ, ರೋಚಕ, ಬೆವರಿಳಿಸಿದರು, ತತ್ತರಿಸಿತು, ಧೂಳೀಪಟ. ಕಾರ್ಡಸ್ ಕಾಲದ ವರದಿಯಲ್ಲೂ ಇಂಥ ಸವೆದ ಮಾತುಗಳೇ ತುಂಬಿದ್ದವು, ಅವುಗಳಿಂದ ಆ ಬರಹವನ್ನು ಬಿಡಿಸಿದ್ದು ಅವರ ದೊಡ್ಡ ಕೆಲಸ. ಒಂದು ಕಟ್ಟಿದ ಉದಾಹರಣೆ ಕೊಡುತ್ತೇನೆ. "ಆರಂಭಿಕ ಆಟಗಾರ್ತಿ ಅಮೋಘ ಬ್ಯಾಟಿಂಗ್ ಪ್ರದರ್ಶಿಸಿ 64 ರನ್ ಸಿಡಿಸಿ ಎದುರಾಳಿಗಳ ಬೆವರಿಳಿಸಿದರು." ಇದನ್ನು ಯಾರ ಬಗ್ಗೆ ಬೇಕಾದರೂ, ಮೈದಾನಕ್ಕೆ ಹೋಗದೆಯೂ ಬರೆಯಬಹುದು. ಅದರ ಬದಲು: "ಮೊದಲ 20 ಎಸೆತಕ್ಕೆ ಅವರು ಗಳಿಸಿದ್ದು 6 ರನ್. ಎಡಗೈ ಸ್ಪಿನ್ನರ್ ಬಂದ ಮೇಲೆ ಕ್ರೀಸ್ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ಆಡತೊಡಗಿದರು. ಉಳಿದ 31 ಎಸೆತಕ್ಕೆ 58 ರನ್ ಬಂತು." ಪದ ಸ್ವಲ್ಪ ಹೆಚ್ಚಾಯಿತು, ಆದರೆ ಓದಿದವರ ಕಣ್ಣಿಗೆ ಒಬ್ಬ ಆಟಗಾರ್ತಿ ಕಾಣುತ್ತಾಳೆ.

ಹೆಸರುಗಳನ್ನು ಆಟಗಾರರ ನೋಂದಣಿ ಪಟ್ಟಿಯಿಂದಲೇ ತೆಗೆದುಕೊಳ್ಳಿ, ಮೈಕ್‌ನಲ್ಲಿ ಕೂಗಿದ ಅಡ್ಡಹೆಸರಿನಿಂದ ಬೇಡ. ಒಂದೇ ತಂಡದಲ್ಲಿ ಇಬ್ಬರು ಮಂಜು ಇರುವುದು ಸಾಮಾನ್ಯ, ಇನಿಷಿಯಲ್ ಬಿಡಬೇಡಿ. ಟೈಪಿಸುವಾಗ ಯೂನಿಕೋಡ್‌ನಲ್ಲೇ ಕಳಿಸಿ. ಹಳೆಯ ನುಡಿ ಫಾಂಟಿನ ಕಾಪಿಯನ್ನು ಹಾಗೇ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದರೆ ನಮಗೆ ಕಾಣುವುದು ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಸಕಲೇಶಪುರ_ರೈಡರ್

ಎಲ್ಲ ಕ್ರಿಕೆಟ್ಟೇ ಆಯಿತು. ನಮ್ಮ ಕಡೆ ಜನ ಸೇರುವುದು ಹೊನಲು ಬೆಳಕಿನ ಕಬಡ್ಡಿಗೆ. ಕಾರ್ಡಸ್ ಹೇಳಿಕೊಟ್ಟ ನೋಟ ಅಲ್ಲಿ ನಡೆಯುತ್ತದೆಯೇ?

ಕಾಫಿನಾಡು_ಲೆಗ್‌ಸ್ಪಿನ್ (ಚಿಕ್ಕಮಗಳೂರು)

ಖಂಡಿತ ನಡೆಯುತ್ತದೆ ಸರ್, ಆದರೆ ನೋಟ್‌ಬುಕ್ಕಿನ ಗೆರೆ ಬದಲಾಗಬೇಕು. ರೈಡ್‌ಗೆ 30 ಸೆಕೆಂಡ್, 20 ನಿಮಿಷದ ಎರಡು ಅವಧಿ. ಅಂದರೆ ಸುಮಾರು 80 ರೈಡ್. ಒಂದು ರೈಡ್‌ಗೆ ಒಂದು ಸಾಲು: ರೈಡರ್ ಅಂಗಿ ನಂಬರ್, ಅಂಕ, ಹಿಡಿದಿದ್ದರೆ ಮೊದಲು ಕೈ ಹಾಕಿದವನ ನಂಬರ್, ಒಟ್ಟು ಸ್ಕೋರ್, ಜೊತೆಗೆ ಆ ಕ್ಷಣಕ್ಕೆ ಎರಡೂ ಕಡೆ ಅಂಕಣದಲ್ಲಿ ಉಳಿದವರ ಸಂಖ್ಯೆ. ಈ ಕೊನೆಯದನ್ನು ಯಾರೂ ಬರೆದುಕೊಳ್ಳುವುದಿಲ್ಲ, ಕಬಡ್ಡಿಯ ಕಥೆ ಪೂರ್ತಿ ಇರುವುದು ಅದರಲ್ಲೇ. ಆರು ಮಂದಿ ಅಥವಾ ಹೆಚ್ಚು ರಕ್ಷಣೆಯಲ್ಲಿದ್ದರೆ ಮಾತ್ರ ಬೋನಸ್ ಗೆರೆಗೆ ಬೆಲೆ. ಮೂರು ಅಥವಾ ಕಡಿಮೆ ಉಳಿದಾಗ ಹಿಡಿದರೆ ಸೂಪರ್ ಟ್ಯಾಕಲ್, ಒಂದು ಅಂಕ ಹೆಚ್ಚು. ಎಲ್ಲರೂ ಔಟಾದರೆ ಲೋನಾ, ಎದುರಾಳಿಗೆ ಹೆಚ್ಚುವರಿ 2 ಅಂಕ. ಬೋನಸ್ ಅಂಕದಿಂದ ಹೊರಗೆ ಕೂತವರು ಒಳಗೆ ಬರುವುದಿಲ್ಲ ಎನ್ನುವುದನ್ನು ಮರೆತರೆ ನಿಮ್ಮ ಲೆಕ್ಕ ತಪ್ಪುತ್ತದೆ.

"28-24ರಿಂದ ಗೆದ್ದಿತು" ಎನ್ನುವ ವರದಿ ಏನೂ ಹೇಳುವುದಿಲ್ಲ. ಅಂಕಣದಲ್ಲಿ ಇಬ್ಬರೇ ಉಳಿದಿದ್ದಾಗ ಬಲ ಮೂಲೆಯವನು ರೈಡರ್‌ನ ಕಣಕಾಲು ಹಿಡಿದದ್ದು, ಲೋನಾ ತಪ್ಪಿದ್ದು, ಅಲ್ಲಿಂದ ತಂಡ ಎದ್ದದ್ದು. ಆ ಮೂಲೆಯವನ ಕಾಲು ಎಲ್ಲಿತ್ತು, ಅವನು ಎಷ್ಟು ಹೊತ್ತು ಕಾದ ಎಂದು ಬರೆದರೆ ಅದೇ ಕಾರ್ಡಸ್ ದಾರಿ.

ಅವರ ಪ್ರಭಾವದ ಬಗ್ಗೆ ಇನ್ನೊಂದು ಸಂಗತಿ ಇಲ್ಲಿ ಸೇರಬೇಕು. ಟ್ರಿನಿಡಾಡ್‌ನ ಬರಹಗಾರ ಸಿ.ಎಲ್.ಆರ್. ಜೇಮ್ಸ್ 1932ರಲ್ಲಿ ಇಂಗ್ಲೆಂಡ್‌ಗೆ ಬಂದು ನೆಲ್ಸನ್ ಊರಿನಲ್ಲಿ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ ಮನೆಯಲ್ಲಿದ್ದರು. ಲ್ಯಾಂಕಾಷೈರ್ ಲೀಗ್‌ನಲ್ಲಿ, ಅರವತ್ತರ ಹತ್ತಿರದ ವಯಸ್ಸಿನಲ್ಲೂ ಬೌಲಿಂಗ್ ಮಾಡುತ್ತಿದ್ದ ಸಿಡ್ನಿ ಬಾರ್ನ್ಸ್ ಬಗ್ಗೆ ಒಂದು ಲೇಖನ ಬರೆದರು. ಅದು ಕಾರ್ಡಸ್ ಕಣ್ಣಿಗೆ ಬಿದ್ದು, ಜೇಮ್ಸ್‌ಗೆ ಮ್ಯಾಂಚೆಸ್ಟರ್ ಗಾರ್ಡಿಯನ್‌ನಲ್ಲಿ ಕ್ರಿಕೆಟ್ ವರದಿಯ ಕೆಲಸ ಸಿಕ್ಕಿತು. ಅದೇ ಜೇಮ್ಸ್ ಮುಂದೆ ಕಾರ್ಡಸ್ ಅವರನ್ನು ಪ್ರಶ್ನಿಸಿದರು. ಸಂಗೀತ ಕ್ರಿಕೆಟ್ ಎರಡೂ ಬಲ್ಲ ಈ ಮನುಷ್ಯ ಕ್ರಿಕೆಟ್ಟನ್ನು ಪೂರ್ಣ ಪ್ರಮಾಣದ ಕಲೆ ಎಂದು ಒಪ್ಪಲು ಯಾಕೆ ಹಿಂಜರಿಯುತ್ತಾರೆ ಎನ್ನುವುದು ಅವರ ತಕರಾರು. ಆಟವನ್ನು ಅದನ್ನು ಆಡುವ ಸಮಾಜದಿಂದ ಬಿಡಿಸಿ ನೋಡಲಾಗದು ಎಂದೂ ಜೇಮ್ಸ್ ಹೇಳಿದರು. ನನಗೆ ಇಬ್ಬರೂ ಬೇಕು. ಆಟಗಾರನ ಮಣಿಕಟ್ಟು ನೋಡಲು ಕಾರ್ಡಸ್, ಆ ಹುಡುಗನಿಗೆ ಶೂ ಕೊಡಿಸಿದವರು ಯಾರು ಎಂದು ಕೇಳಲು ಜೇಮ್ಸ್.

ಬೇಲೂರು_ಹೊಸ_ಕಲಂ

ಕೊನೆಯದಾಗಿ ಒಂದು ಕೇಳುತ್ತೇನೆ. ಕಾರ್ಡಸ್ ಪಿಚ್ ಬಗ್ಗೆ, ಬೆಳಕಿನ ಬಗ್ಗೆ ಬಹಳ ಬರೆಯುತ್ತಾರೆ. ನಮ್ಮದು ಮ್ಯಾಟಿಂಗ್ ಪಿಚ್. ಅದರ ಬಗ್ಗೆ ಬರೆಯಲು ಏನಿರುತ್ತದೆ?

ಅರಸೀಕೆರೆ_ಎಂಡ್

ಬೇಕಾದಷ್ಟಿದೆ ತಮ್ಮ. ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಹೋಗಿ, ಆಯೋಜಕರನ್ನು ಕೇಳಿಕೊಂಡು ಪಿಚ್ ಪಕ್ಕ ನಡೆಯಿರಿ, ಮೇಲೆ ಕಾಲಿಡಬೇಡಿ. ಮೊದಲು ಮ್ಯಾಟ್ ಯಾವುದು ನೋಡಿ. ತೆಂಗಿನ ನಾರಿನದಾದರೆ ಚೆಂಡನ್ನು ಕಚ್ಚುತ್ತದೆ, ಪುಟಿತ ಜಾಸ್ತಿ, ಸ್ಪಿನ್ ತೀಕ್ಷ್ಣ. ಎರಡನೆಯದು ಬಿಗಿ. ಸುತ್ತ ಹೊಡೆದ ಮೊಳೆಗಳು ಒಂದೇ ಅಂತರದಲ್ಲಿ ಇವೆಯೇ, ಗುಡ್‌ಲೆಂಗ್ತ್ ಜಾಗದಲ್ಲಿ ಮ್ಯಾಟ್ ಎದ್ದಿದೆಯೇ ನೋಡಿಕೊಳ್ಳಿ. ಸಡಿಲ ಇದ್ದ ಕಡೆ ಬಿದ್ದ ಚೆಂಡು ನಿಂತು ಬರುತ್ತದೆ, ಬ್ಯಾಟರ್ ಮೊದಲೇ ಬ್ಯಾಟ್ ಬೀಸಿ ಮುಂದಕ್ಕೆ ಕ್ಯಾಚ್ ಕೊಡುತ್ತಾನೆ. ಅಂಥ ಮೂರು ಕ್ಯಾಚ್ ಕವರ್, ಮಿಡ್‌ವಿಕೆಟ್‌ನಲ್ಲಿ ಹೋದರೆ "ಬೇಜವಾಬ್ದಾರಿ ಹೊಡೆತ" ಎಂದು ಬರೆಯಬೇಡಿ, ಮ್ಯಾಟ್ ಕಡೆ ನೋಡಿ.

ಕೆಳಗಿನ ಮಣ್ಣೂ ಲೆಕ್ಕಕ್ಕೆ ಬರುತ್ತದೆ. ರಾತ್ರಿ ಇಬ್ಬನಿ ಬಿದ್ದು ಮಣ್ಣು ತೇವ ಇದ್ದರೆ ಬೆಳಗ್ಗೆ ಚೆಂಡು ನಿಧಾನ, ಹನ್ನೊಂದರ ಬಿಸಿಲಿಗೆ ಮಣ್ಣು ಗಟ್ಟಿಯಾದಂತೆ ಪುಟಿತ ಏರುತ್ತದೆ. ಟಾಸ್ ಗೆದ್ದವನು ಯಾಕೆ ಫೀಲ್ಡಿಂಗ್ ಆಯ್ದುಕೊಂಡ ಎನ್ನುವುದಕ್ಕೆ ಉತ್ತರ ಅಲ್ಲಿ ಸಿಗುತ್ತದೆ. ವಿರಾಮದಲ್ಲಿ ಮ್ಯಾಟ್ ಬಿಚ್ಚಿ ಮತ್ತೆ ಎಳೆದು ಕಟ್ಟಿದರೆ ಅದನ್ನೂ ಗಂಟೆ ಸಮೇತ ಬರೆದುಕೊಳ್ಳಿ, ಎರಡನೇ ಇನಿಂಗ್ಸ್‌ಗೆ ಪಿಚ್ಚೇ ಬೇರೆ ಆಗಿರುತ್ತದೆ. ಪಂದ್ಯ ಮುಗಿದ ಮೇಲೆ ಮ್ಯಾಟ್ ಸುತ್ತುವ ಹುಡುಗರನ್ನು ಒಂದು ಮಾತು ಕೇಳಿ, ಯಾವ ಮೊಳೆ ಕಿತ್ತು ಬಂದಿತ್ತು ಎಂದು ಅವರಿಗೆ ಗೊತ್ತಿರುತ್ತದೆ.